ಕಿವಿ ಮಡಿಸಿದ ಕಾರ್ಡು

ನಮ್ಮ ಮನೆಯಲ್ಲಿರುವುದು ಎರಡು ಕೋಣೆ, ಒಂದು ಅಡುಗೆಮನೆ, ಐದು ಜನ ಮತ್ತು ಹದಿನೆಂಟು ಸಾವಿರ ಕಾರ್ಡು. ಜಾಗ ಸಾಲದು ಎಂದು ಸೊಸೆಯಾಗಿ ಬಂದ ದಿನದಿಂದಲೂ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಜನರಿಗೆ ಸಾಲದಿದ್ದ ಜಾಗ ಕಾರ್ಡುಗಳಿಗೆ ಮಾತ್ರ ಹೇಗೋ ಸಾಲುತ್ತಿತ್ತು.

ಕಾರ್ಡುಗಳು ನನ್ನ ಮಾವನವು. ಅವರು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವರು. ನಿವೃತ್ತರಾಗಿ ಹದಿಮೂರು ವರ್ಷವಾದರೂ ಅದೇ ಪತ್ರಿಕೆಯ ಏಳನೇ ಪುಟದ ಕೆಳಮೂಲೆಯ ಅಂಕಣವನ್ನು ಬಿಟ್ಟಿರಲಿಲ್ಲ. 'ಇದೇ ದಿನ, ಇನ್ಯಾವುದೋ ವರ್ಷ' ಎಂದು ಅದರ ಹೆಸರು. ಇವತ್ತಿನ ತಾರೀಖಿಗೆ ಯಾವ ಗಾಯಕಿ ಹುಟ್ಟಿದಳು, ಯಾವ ಕುಸ್ತಿಪಟು ತೀರಿಕೊಂಡ, ಯಾವ ಸಿನಿಮಾ ತೆರೆಕಂಡಿತು, ಯಾವ ಹಾಡು ಮೊದಲ ಸಲ ರೇಡಿಯೋದಲ್ಲಿ ಬಂತು, ಎಲ್ಲವೂ ಅಂಗೈಯಗಲದಲ್ಲಿ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮರುದಿನದ್ದನ್ನು ಬರೆದು ಮುಗಿಸಿ, ಆಮೇಲೆ "ಗಂಡೋ ಹೆಣ್ಣೋ?" ಎಂದು ಕೇಳಿದ ಮಹಾನುಭಾವರು.

ಒಬ್ಬೊಬ್ಬರಿಗೆ ಒಂದೊಂದು ಕಾರ್ಡು, ಹುಟ್ಟಿದ ತಾರೀಖಿನ ಪ್ರಕಾರ ಶೂ ಡಬ್ಬಗಳಲ್ಲಿ ನಿಲ್ಲಿಸಿಟ್ಟಿರುತ್ತಿದ್ದರು. ಆ ಮನುಷ್ಯ ಸತ್ತ ಸುದ್ದಿ ಬಂದರೆ ಮಾವ ಅವನ ಕಾರ್ಡು ತೆಗೆದು ಬಲಗಡೆಯ ಮೂಲೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಮಡಿಸುವರು. ನಮ್ಮ ಮನೆಯ ಮಾತಿನಲ್ಲಿ ಅದು 'ಕಿವಿ ಮಡಿಸುವುದು'. ಕಿವಿ ನೆಟ್ಟಗಿದ್ದರೆ ಹೆಸರು ಅಂಕಣದ 'ಶುಭಾಶಯ'ದಲ್ಲಿ ಬರುತ್ತದೆ, ಮಡಿಸಿದ್ದರೆ 'ನೆನಪು' ಎಂಬ ಭಾಗಕ್ಕೆ ಹೋಗುತ್ತದೆ. ಮಿಕ್ಸಿ ಸುಟ್ಟುಹೋದ ದಿನ ನನ್ನ ಮಗಳು, "ಅಮ್ಮಾ, ಮಿಕ್ಸಿ ಕಿವಿ ಮಡಿಸ್ತು" ಎಂದು ಕೂಗಿದ್ದಳು. ಅವಳ ಬಾಯಿಗೆ ತಕ್ಕಂತೆ ಮಾವ ಅವಳಿಗೆ 'ಮೆಣಸು' ಎಂದು ಹೆಸರಿಟ್ಟಿದ್ದಾರೆ.

"ನೆನಪು ಮೋಸ ಮಾಡುತ್ತೆ, ಕಿವಿ ಮೋಸ ಮಾಡಲ್ಲ" ಎಂಬುದು ಮಾವನ ಮಾತು. ಅದನ್ನು ನಂಬಿಯೇ ಅವರು ಕೆಟ್ಟರು. ಕೆಡಿಸಿದವಳು ನಾನು.

ಆದದ್ದು ಇಷ್ಟು. ಮೆಣಸಿಗೆ ಈ ವರ್ಷ ಶಾಲೆಯ ಕೊನೆಯ ಪರೀಕ್ಷೆ. ಓದಲು ಒಂದು ಮೇಜು ಬೇಕು ಎಂದು ಆರು ತಿಂಗಳಿಂದ ಗೋಳಾಡುತ್ತಿದ್ದಳು. ಮೇಜೇನೋ ಇವರು, ನನ್ನ ಗಂಡ, ಯಾವುದೋ ಕಚೇರಿಯಲ್ಲಿ ಲಿಫ್ಟ್ ರಿಪೇರಿಗೆ ಹೋದಾಗ ಬೇಡವೆಂದು ಹೊರಗಿಟ್ಟಿದ್ದನ್ನು ಹೊತ್ತು ತಂದರು. ಇಡುವುದೆಲ್ಲಿ? ಒಳಕೋಣೆಯ ಒಂದು ಗೋಡೆ ಪೂರ್ತಿ ಡಬ್ಬಗಳದ್ದು. ಡಬ್ಬಕ್ಕೆ ಆರು ದಿನದಂತೆ ಅರವತ್ತೊಂದು ಡಬ್ಬ.

"ಮಾವ, ಒಂದಿಪ್ಪತ್ತು ಡಬ್ಬ ಕಡಿಮೆ ಮಾಡೋಣ" ಎಂದೆ ಒಂದು ದಿನ ಊಟಕ್ಕೆ ಬಡಿಸುತ್ತ.

"ಯಾರನ್ನ ಬಿಡೋಣಮ್ಮ? ಮಾರ್ಚಿನವರನ್ನೋ, ಏಪ್ರಿಲ್‌ನವರನ್ನೋ?"

"ಯಾರನ್ನೂ ಬಿಡೋದು ಬೇಡ. ಡಬ್ಬಕ್ಕೆ ಒಂಬತ್ತು ದಿನ ಹಾಕ್ತೀನಿ."

"ಹಿಡಿಯಲ್ಲ."

"ಹಿಡಿಸ್ತೀನಿ. ಒಂದೊಂದೇ ಕಾರ್ಡು ಕೈಯಲ್ಲಿ ಜೋಡಿಸ್ತೀನಿ, ನೀವು ಯೋಚನೆ ಮಾಡ್ಬೇಡಿ."

ಒಂದೊಂದೇ ಜೋಡಿಸಿದೆನೇ? ಎಲ್ಲಿಯ ಮಾತು. ಬೆಳಗ್ಗೆ ಒಂಬತ್ತಕ್ಕೆ ಕನ್ನಡಕದ ಅಂಗಡಿಗೆ ಹೋದರೆ ಸಂಜೆ ಏಳರವರೆಗೆ ಗಾಜು ಉಜ್ಜುವ ಕೆಲಸ ನನ್ನದು. ಇದ್ದ ಒಂದು ರಜೆಯ ದಿನ ಕೂತು, ಅಡಿಕೆ ಡಬ್ಬಕ್ಕೆ ಎಲೆ ತುರುಕಿದ ಹಾಗೆ ತುರುಕಿದೆ. ಮುಚ್ಚಳ ಕೂರದಿದ್ದರೆ ಮಂಡಿ ಊರಿ ಒತ್ತಿ ದಾರ ಕಟ್ಟಿದೆ. ಅರವತ್ತೊಂದು ಇದ್ದದ್ದು ನಲವತ್ತೊಂದಾಯಿತು. ಮೆಣಸಿನ ಮೇಜು ಬಂದು ಕೂತಿತು. "ನೋಡಿದ್ರಾ, ಮನಸ್ಸು ಮಾಡಿದ್ರೆ ಎಲ್ಲ ಆಗುತ್ತೆ" ಎಂದು ಬೀಗಿದ್ದೂ ಬೀಗಿದ್ದೇ.

ಎರಡು ತಿಂಗಳು ಕಳೆಯಿತು. ಹದಿನಾಲ್ಕನೇ ತಾರೀಖು ಬೆಳಗ್ಗೆ ಏಳು ಗಂಟೆಗೆ ಅಡುಗೆಮನೆಯ ಗೋಡೆಗಿದ್ದ ಫೋನು ಹೊಡೆದುಕೊಂಡಿತು. ಒಂದು ಕೈಯಲ್ಲಿ ಮೊಟ್ಟೆ ತಿರುವುತ್ತ ಇನ್ನೊಂದರಲ್ಲಿ ಎತ್ತಿದೆ.

"ಅಂಕಣ ಬರೆಯೋರ ಮನೆಯಾ? ಪತ್ರಿಕೆಯವರು ನಂಬರ್ ಕೊಟ್ರು. ನಾನು, ಇವತ್ತು ನಿಮ್ಮ 'ನೆನಪು' ಅಂತ ಇದೆಯಲ್ಲ, ಅದರಲ್ಲಿ ಎರಡನೆಯವನು ಮಾತಾಡ್ತಿದ್ದೀನಿ."

ಮೊಟ್ಟೆ ಬಾಣಲೆಯಲ್ಲಿ ಸೀದಿತು. ಮಾವ ಬಂದು ಫೋನು ತೆಗೆದುಕೊಂಡರು. ಕೇಳುತ್ತ ಕೇಳುತ್ತ ಗೋಡೆಗೆ ಒರಗಿದರು.

ಆತ ಹಳೆಯ ಹಾಸ್ಯನಟ. ನಾಯಕನ ಪಕ್ಕದಲ್ಲಿ ನಿಲ್ಲುವವನೂ ಅಲ್ಲ, ಅವನ ಹಿಂದೆ ನಿಲ್ಲುವವನು. ಆದರೆ ಒಂದು ದೃಶ್ಯದಿಂದ ಒಂದು ಕಾಲದ ಜನಕ್ಕೆಲ್ಲ ಗೊತ್ತು. ನಮ್ಮ ಅತ್ತೆಗೆ ಹೇಳಿದ ತಕ್ಷಣ ನೆನಪಾಯಿತು.

"ಅಯ್ಯೋ, ಹೆಣವಾಗಿ ಮಲಗಿರ್ತಾನೆ, ಎಲ್ರೂ ಅಳ್ತಿರ್ತಾರೆ, ಮೂಗಿನ ಮೇಲೆ ಹತ್ತಿ ಬಿದ್ದು ಅಕ್ಷೀ ಅಂತ ಸೀನ್ತಾನಲ್ಲ, ಆತನೇ? ನಕ್ಕೂ ನಕ್ಕೂ ನನಗೆ ಪಕ್ಕೆ ಹಿಡ್ಕೊಂಡಿತ್ತು. ಇನ್ನೂ ಇದ್ದಾನಾ?"

"ಅದನ್ನೇ ಅವರು ಹೇಳ್ತಿರೋದು ಕಣೆ" ಎಂದರು ಮಾವ.

ಇವತ್ತಿಗೆ ಆತನಿಗೆ ಎಂಬತ್ತನಾಲ್ಕು ತುಂಬಿದೆ. ಬೈದರೇ? ಬೈದಿದ್ದರೆ ಒಳ್ಳೆಯದಿತ್ತು. "ಪ್ರತಿ ವರ್ಷ ಇವತ್ತು ಐದು ಜನ ಫೋನ್ ಮಾಡೋರು ಸ್ವಾಮಿ. ಮೇಕಪ್‌ನವನು, ಲೈಟ್ ಹಿಡಿಯೋನು, ಹೊಡೆದಾಟ ಕಲಿಸೋನು, ಡ್ಯಾನ್ಸ್ ಮೇಷ್ಟ್ರು, ಒಬ್ಬ ತಬಲದವನು. ಬೆಳಗ್ಗೆ ಆರಕ್ಕೇ ಶುರು. ಇವತ್ತು ಒಬ್ಬರೂ ಮಾಡಿಲ್ಲ. ಯಾಕಪ್ಪ ಅಂತ ಪೇಪರ್ ತೆಗೆದು ನೋಡಿದೆ. ಸತ್ತೋನಿಗೆ ಯಾರು ಫೋನ್ ಮಾಡ್ತಾರೆ? ಸತ್ತ ಅಂತ ಕೇಳೋಕೂ ಯಾರೂ ಮಾಡಿಲ್ಲ, ಅದೇ ಒಂದಿಷ್ಟು ಬೇಜಾರು" ಎಂದರಂತೆ.

ಮಾವ ಡಬ್ಬ ತಂದು ದಾರ ಬಿಚ್ಚಿ ಕಾರ್ಡು ತೆಗೆದರು. ಕಿವಿ ಮಡಿಸಿತ್ತು. ಕನ್ನಡಕ ಒರೆಸಿ ಮತ್ತೆ ನೋಡಿದರು. "ನಾನ್ಯಾವಾಗ ಮಡಿಸಿದೆ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಡಬ್ಬವನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಮುಚ್ಚಳದ ಒಳಭಾಗದಲ್ಲಿ ಅದೇ ಮೂಲೆ ಒತ್ತಿದ ಗುರುತಿತ್ತು. ಬಾಯಿಗೆ ಬಂದ ಮಾತನ್ನು ಸೀದ ಮೊಟ್ಟೆಯ ಜೊತೆ ನುಂಗಿ ಅಂಗಡಿಗೆ ಹೊರಟೆ. ಸಂಜೆ ಹೇಳಿದರಾಯಿತು ಅಂದುಕೊಂಡೆ.

ಸಂಜೆ ಬಂದರೆ ಮನೆ ರಣರಂಗವಾಗಿತ್ತು. ಮಾವ ಪತ್ರಿಕೆಯ ಕಚೇರಿಗೇ ಹೋಗಿ ಬಂದಿದ್ದರು. ಏಳನೇ ಪುಟ ನೋಡಿಕೊಳ್ಳುವ ಹುಡುಗಿಗೆ ಮೆಣಸಿಗಿಂತ ಹತ್ತು ವರ್ಷ ಹೆಚ್ಚಿರಬಹುದು.

"ಆ ಮೂಲೆಗೆ ತಿದ್ದುಪಡಿ ಹಾಕೋ ಪದ್ಧತಿ ಇಲ್ಲ ಸರ್ ಅಂತಾಳೆ. ಮುಂದಿನ ವರ್ಷ ಅದೇ ತಾರೀಖಿಗೆ ಸರಿಯಾಗಿ ಹಾಕಿಬಿಡಿ ಅಂತಾಳೆ. ಎಂಬತ್ನಾಲ್ಕು ವರ್ಷದ ಮನುಷ್ಯ, ಪೇಪರಿನಲ್ಲಿ ಬದುಕೋಕೆ ಇನ್ನೊಂದು ವರ್ಷ ಕಾಯಬೇಕಂತೆ!"

"ಹೋಗ್ಲಿ ಬಿಡಪ್ಪ," ಎಂದರು ಇವರು ಕೈಗೆ ಹತ್ತಿದ ಗ್ರೀಸು ಉಜ್ಜುತ್ತ. "ಆ ಮೂಲೆ ಯಾರು ಓದ್ತಾರೆ?"

"ಓದೋರಿಲ್ಲದೆ ಇದ್ರೆ ಅವರಿಗೆ ಐದು ಫೋನ್ ಬರ್ತಿತ್ತು ಕಣೋ."

ಅತ್ತೆ ಇನ್ನೊಂದು ಸೌಟು ಬೇಳೆ ಬಡಿಸಿದರು. ಬೆಳಗ್ಗೆ ನುಂಗಿದ ಮಾತನ್ನು ನಾನು ಬೇಳೆಯ ಜೊತೆ ಮತ್ತೆ ನುಂಗಿದೆ.

ಮರುದಿನದಿಂದ ದಿನವೂ ಬೆಳಗ್ಗೆ ಏಳಕ್ಕೆ ಫೋನು. "ನಮಸ್ಕಾರ, ಇವತ್ತೂ ಇದ್ದೀನಿ. ತಿದ್ದುಪಡಿ ಬಂತಾ?" ಮೊದಲು ನಗು ಬರುತ್ತಿತ್ತು. ಆಮೇಲೆ ಆ ಹೊತ್ತಿಗೆ ಸರಿಯಾಗಿ ಬ್ರೆಡ್ಡು ಸೀಯುತ್ತಿತ್ತು, ಮೆಣಸಿನ ಶಾಲೆಯ ಡಬ್ಬಿ ತಡವಾಗುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾವ ಪ್ರತಿದಿನ ಫೋನು ಹಿಡಿದು ತಲೆ ತಗ್ಗಿಸಿ, "ಪ್ರಯತ್ನ ಮಾಡ್ತಿದ್ದೀನಿ" ಎನ್ನುವರು. ಹೋಂವರ್ಕ್ ಮಾಡದೆ ಶಾಲೆಗೆ ಬಂದ ಹುಡುಗನ ಮುಖ ಅವರದ್ದಾಗಿರುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ತಪ್ಪಿದ್ದರೆ ಹತ್ತು ಇರಬಹುದು ಎಂದು ಮಾವ ನಲವತ್ತೊಂದು ಡಬ್ಬವನ್ನೂ ಇಳಿಸಿದರು. ನೆಲವೆಲ್ಲ ಕಾರ್ಡು. ಜನವರಿಯನ್ನು ದಾಟಿ ಬಚ್ಚಲಿಗೆ ಹೋಗಬೇಕು, ಜೂನ್ ತುಳಿಯದೆ ಬಾಗಿಲು ತೆಗೆಯಬೇಕು. ಮೆಣಸಿನ ಮೇಜಿನ ಮೇಲೆ ಸೆಪ್ಟೆಂಬರ್ ಕೂತಿತು. ನಾವು ತಟ್ಟೆ ಮಂಡಿಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

ಮಾವನಿಗೆ ಸಂಶಯ ಬಂದ ಪ್ರತಿ ಕಿವಿಗೂ ಫೋನು.

"ನಮಸ್ಕಾರ. ಹಳೇ ಫುಟ್‌ಬಾಲ್ ಆಟಗಾರರ ಮನೆಯಾ? ಅವರು ಇದ್ದಾರಾ?... ಮನೇಲಿ ಇದ್ದಾರಾ ಅಂತಲ್ಲ ತಾಯಿ... ಹೇಗೆ ಕೇಳ್ಲಿ ಈಗ..."

ಅತ್ತೆ ಹಣೆ ಚಚ್ಚಿಕೊಂಡರು. "ಬದುಕಿರೋರಿಗೆ ಫೋನ್ ಮಾಡಿ ಸತ್ತಿದ್ದೀರಾ ಅಂತ ಕೇಳೋದು ಯಾವ ಸಂಪತ್ತಿಗೆ? ಯಾರಾದ್ರೂ ಕೋಲು ತಗೊಂಡು ಬರ್ತಾರೆ ನೋಡ್ತಿರಿ."

"ಅಮ್ಮಾ, ನಾನೆಲ್ಲಿ ಓದ್ಲಿ?" ಎಂದಳು ಮೆಣಸು.

"ನನ್ನ ತಲೆ ಮೇಲೆ ಕೂತು ಓದು" ಎಂದೆ. ಪಾಪ, ಅವಳದ್ದೇನೂ ತಪ್ಪಿರಲಿಲ್ಲ. ಪುಸ್ತಕ ಎತ್ತಿಕೊಂಡು ಮಹಡಿಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಹೋಗಿಬರುವವರೆಲ್ಲ ಅವಳನ್ನು ದಾಟಿಕೊಂಡು ಹೋಗುತ್ತಿದ್ದರು.

ಎರಡು ವಾರ ಹುಡುಕಿದ ಮೇಲೆ ಸಿಕ್ಕವರು ಹನ್ನೊಂದು ಜನ. ಹನ್ನೊಂದು ಜನ ಬದುಕಿದ್ದೂ ಕಿವಿ ಮಡಿಸಿದವರು. ಆ ಸಂಜೆ ಮಾವ ಊಟಕ್ಕೆ ಬರಲಿಲ್ಲ. ನಾನು ತಟ್ಟೆ ಹಿಡಿದು ಒಳಗೆ ಹೋದರೆ ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು.

"ಕೈ ನನ್ನ ಮಾತು ಕೇಳ್ತಿಲ್ಲಮ್ಮ," ಎಂದರು. "ತಲೆಯೂ ಇಲ್ಲ. ಮಡಿಸಿದ್ದು ಒಂದಾದ್ರೂ ನೆನಪಿರಬೇಕಲ್ಲ? ಒಂದೂ ನೆನಪಿಲ್ಲ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ತಾರೀಖು ಮರೀತಿದ್ದ, ಆಮೇಲೆ ನಮ್ಮನ್ನ."

ಆಗ ಹೇಳಬೇಕಿತ್ತು. ಅಲ್ಲೇ, ತಟ್ಟೆ ಕೆಳಗಿಟ್ಟು. ನಾಲಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು, "ನಾಳೆ ಪತ್ರಿಕೆಗೆ ಕಾಗದ ಕೊಟ್ಟುಬಿಡ್ತೀನಿ. ಈ ತಿಂಗಳ ಕೊನೆಗೆ ನಿಲ್ಲಿಸ್ತೀನಿ" ಎಂದರು. ನನ್ನ ಕಣ್ಣು ಮಾವನನ್ನು ಬಿಟ್ಟು ಆ ಗೋಡೆಯ ಮೇಲೆ ಹೋಯಿತು. ಡಬ್ಬಗಳಿಲ್ಲದ ಗೋಡೆ. ಅಲ್ಲೊಂದು ಮೇಜು, ಪಕ್ಕದಲ್ಲಿ ಒಂದು ಮಂಚವೂ ಹಿಡಿಯುತ್ತದೆ. ಹದಿನೇಳು ವರ್ಷ ಬಾಯಿ ಬಡಿದುಕೊಂಡರೂ ಸಿಗದ್ದು ಬಾಯಿ ಮುಚ್ಚಿಕೊಂಡರೆ ಸಿಗುವಂತಿತ್ತು. ತಟ್ಟೆ ಇಟ್ಟು ಹೊರಗೆ ಬಂದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಮನೆಯಲ್ಲಿ ಎಲ್ಲರಿಗೂ ಖುಷಿ. "ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಳಿ" ಎಂದರು ಅತ್ತೆ. "ಭಾನುವಾರ ರದ್ದಿಯವನಿಗೆ ಹೇಳ್ತೀನಪ್ಪ, ನಿನಗೂ ನೋಡಿ ನೋಡಿ ಸಂಕಟ ಬೇಡ" ಎಂದರು ಇವರು. ಮಾವ "ಹೂಂ" ಎಂದರು. ಏಳನೇ ಪುಟದ ಹುಡುಗಿ ಅರ್ಧ ಗಂಟೆಯಲ್ಲಿ ಒಪ್ಪಿಗೆ ಕಳಿಸಿದಳು. ಒಂದನೇ ತಾರೀಖಿನಿಂದ ಅದೇ ಮೂಲೆಯಲ್ಲಿ ಯಾವುದೋ ಸಂಸ್ಥೆ ಒದಗಿಸುವ ಪಟ್ಟಿ ಬರತೊಡಗಿತು. ಅದರಲ್ಲಿದ್ದವರೆಲ್ಲ ಜಗತ್ತಿಗೇ ಗೊತ್ತಿದ್ದವರು. ಮಾವ ಅದನ್ನು ಒಂದು ಅಕ್ಷರ ಬಿಡದೆ ಓದಿ, ಅಭ್ಯಾಸಬಲದಿಂದ ಎರಡು ಕಡೆ ಕಾಗುಣಿತ ತಿದ್ದಿ, ಮಡಿಸಿ ಇಡುತ್ತಿದ್ದರು. ಅವರ ನಡಿಗೆಯೇ ಬದಲಾಯಿತು. ನಲ್ಲಿ ನಿಲ್ಲಿಸಿದೆನೇ ಎಂದು ಮೂರು ಸಲ ಹೋಗಿ ನೋಡುವರು. ಬೀಗ ಹಾಕಿದೆನೇ ಎಂದು ಮೆಣಸನ್ನು ಕೇಳುವರು. ಚಹಾ ಕುಡಿದಾದ ಮೇಲೆ, "ನಾನು ಚಹಾ ಕುಡಿದ್ನಾ?" ಎಂದು ನನ್ನ ಮುಖ ನೋಡುವರು.

"ಕುಡಿದ್ರಿ ಮಾವ. ನಿಮಗೇನೂ ಆಗಿಲ್ಲ."

"ನಿನಗೇನಮ್ಮ ಗೊತ್ತು" ಎನ್ನುವರು. ನನಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಐದನೇ ತಾರೀಖು ಭಾನುವಾರ ರದ್ದಿಯವನು ತಕ್ಕಡಿ ಸಮೇತ ಬಂದ. ಇವರು ಡಬ್ಬಗಳನ್ನು ಸಾಲಾಗಿ ಬಾಗಿಲಿಗೆ ಸಾಗಿಸಿದರು. ಮಾವ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. ಮೊದಲ ಡಬ್ಬ ತಕ್ಕಡಿಗೆ ಬಿತ್ತು. ರದ್ದಿಯವನು ಒಂದು ಕಾರ್ಡು ಎತ್ತಿ, "ಗಟ್ಟಿ ಕಾಗದ, ಚೆನ್ನಾಗಿದೆ. ಈ ಮೂಲೆ ಯಾಕೆ ಮುದುರಿದೆ?" ಎಂದ. ಸುಮ್ಮನೆ ಕೇಳಿದ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಅದು ನಾನು ಮುದುರಿಸಿದ್ದು."

ಎಲ್ಲರೂ ತಿರುಗಿದರು. ಮಾವ ಮಾತ್ರ ತಿರುಗಲಿಲ್ಲ.

"ಮಾವ, ಹನ್ನೊಂದೂ ನಾನೇ. ನಿಮ್ಮ ಕೈ ಅಲ್ಲ, ನಿಮ್ಮ ತಲೆ ಅಲ್ಲ. ಡಬ್ಬಕ್ಕೆ ಒಂಬತ್ತು ದಿನ ತುರುಕಿದೆನಲ್ಲ, ಮುಚ್ಚಳ ಒತ್ತಿ ಮಡಚಿಕೊಂಡಿದೆ."

ಮಾವ ನಿಧಾನವಾಗಿ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಬೇಡಮ್ಮ," ಎಂದರು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಒಂದೊಂದೇ ಕೈಯಲ್ಲಿ ಜೋಡಿಸ್ತೀನಿ ಅಂತ ನೀನೇ ಹೇಳಿದ್ದೆ. ನೀನು ಹಾಗೆ ಮಾಡೋಳಲ್ಲ."

ಇದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಸತ್ಯ ಹೇಳಿದರೆ ನಂಬುವವರಿಲ್ಲದಷ್ಟು ತಡ ಮಾಡಿದ್ದೆ. ನೆಲದ ಮೇಲೆ ಕೂತು ಒಂದು ಡಬ್ಬ ಖಾಲಿ ಮಾಡಿದೆ. ಕಿವಿ ನೆಟ್ಟಗಿರುವ ಕಾರ್ಡುಗಳನ್ನೇ ಆರಿಸಿ, ಒಂಬತ್ತು ದಿನದಷ್ಟು ತುಂಬಿ, ಅವತ್ತು ಮಾಡಿದ ಹಾಗೆಯೇ ಮಂಡಿ ಊರಿ ಮುಚ್ಚಳ ಒತ್ತಿ ದಾರ ಬಿಗಿದೆ. ಬಿಚ್ಚಿ ಮಾವನ ಮುಂದಿಟ್ಟೆ. ನಡುವೆ ಉಬ್ಬಿದ ಕಡೆ ಮೂರು ಕಾರ್ಡು ಕಿವಿ ಮಡಿಸಿಕೊಂಡಿದ್ದವು.

ಮಾವ ಅವನ್ನು ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಹನ್ನೊಂದು ಕಾರ್ಡುಗಳನ್ನು ತಂದು ಪಕ್ಕದಲ್ಲಿಟ್ಟು ನೋಡಿದರು. "ಇದರಲ್ಲಿ ಉಗುರಿನ ಗೆರೆ ಇಲ್ಲ," ಎಂದರು. "ಯಾವುದರಲ್ಲೂ ಇಲ್ಲ. ನನಗೆ ಕಾಣಬೇಕಿತ್ತು."

"ಯಾವಾಗ ಗೊತ್ತಾಯ್ತು ನಿನಗೆ?" ಎಂದು ಇವರು ನನ್ನನ್ನು ಕೇಳಿದರು.

"ಮೊದಲನೇ ದಿನವೇ."

ಆಗ ಮಾವನ ದನಿ ಎದ್ದಿತು. ಈ ಮನೆಗೆ ಬಂದ ಮೇಲೆ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಮೂರು ವಾರ! ಮೂರು ವಾರ ನನ್ನ ಕೈ ನೋಡ್ಕೊಂಡು ಕೂತಿದ್ದೆ ನಾನು! ಚಹಾ ಕುಡಿದ್ನಾ ಅಂತ ನಿನ್ನನ್ನೇ ಕೇಳ್ತಿದ್ದೆ! ಕೇಳೋವಾಗ ನಿನಗೆ ಏನೂ ಅನ್ನಿಸ್ಲಿಲ್ವೇನಮ್ಮ?"

ನಾನು ಅತ್ತುಬಿಟ್ಟೆ. ಅತ್ತು ಏನು ಬಂತು? ಮಾವ ಬಾಗಿಲ ಕಡೆ ನೋಡಿ ರದ್ದಿಯವನಿಗೆ, "ಇಳಿಸಪ್ಪ, ಎಲ್ಲ ಇಳಿಸು" ಎಂದರು. ಅವನು ಗೊಣಗುತ್ತ ಖಾಲಿ ತಕ್ಕಡಿ ಹೊತ್ತು ಹೋದ.

ಅವತ್ತಿನಿಂದ ಮಾವ ನನ್ನ ಜೊತೆ ಮಾತು ಬಿಟ್ಟರು. ನಾನು ಬಡಿಸಿದ್ದನ್ನು ಉಣ್ಣುವರು, ಉಪ್ಪು ಬೇಕಾದರೆ ಗೋಡೆಯನ್ನು ಕೇಳುವರು. ಆದರೆ ನಲ್ಲಿ ನೋಡಲು ಮತ್ತೆ ಹೋಗಲಿಲ್ಲ, ಬೀಗದ ವಿಷಯ ಕೇಳಲಿಲ್ಲ. ಪತ್ರಿಕೆಗೆ ಹೋಗಿ ಅಂಕಣ ವಾಪಸ್ ಕೇಳಿದರು. ಸಂಸ್ಥೆಯ ಜೊತೆ ವರ್ಷಕ್ಕೆ ಒಪ್ಪಂದವಾಗಿದೆ ಸರ್ ಎಂದಳಂತೆ ಆ ಹುಡುಗಿ. "ಮಾಡಿದ್ದುಣ್ಣೋ ಮಹಾರಾಯ" ಎಂದು ಅತ್ತೆ ಪಾತ್ರೆಗಳಿಗೆ ಹೇಳಿದರು. ಪಾತ್ರೆ ತೊಳೆಯುತ್ತಿದ್ದವಳು ನಾನೇ.

ಏಳು ಗಂಟೆಯ ಫೋನು ಮಾತ್ರ ನಿಲ್ಲಲಿಲ್ಲ. ಒಂದು ದಿನ ನಾನೇ ಎತ್ತಿ ಆತನಿಗೆ ಎಲ್ಲ ಹೇಳಿದೆ. ಮಂಡಿ ಊರಿದ್ದೂ ಹೇಳಿದೆ.

"ಮಂಡಿಯಿಂದ ಕೊಂದೆ ಅನ್ನು," ಎಂದು ನಕ್ಕರು. "ನನಗೂ ಮಂಡಿಯೇ ಶತ್ರು ಕಣಮ್ಮ, ಮೆಟ್ಟಿಲು ಹತ್ತೋಕಾಗಲ್ಲ. ಹೋಗ್ಲಿ, ತಿದ್ದುಪಡಿ ಬರುತ್ತಾ?"

ಆ ದಿನ ಊಟಕ್ಕೆ ಕೂತಾಗ ಮೆಣಸು ಅಜ್ಜನನ್ನೇ ನೇರವಾಗಿ ಕೇಳಿದಳು. "ತಾತ, ಅವರ ಹುಟ್ಟಿದ ದಿನಕ್ಕೇ ಯಾಕೆ ಕಾಯ್ಬೇಕು? ಆ ಹೆಣದ ಸಿನಿಮಾ ಬಂದ ದಿನ ಅಂತ ಒಂದು ಇರುತ್ತಲ್ಲ? ಅವತ್ತು ಹಾಕಿ. ಅದು ತಿದ್ದುಪಡಿ ಅಲ್ಲ, ಚರಿತ್ರೆ."

ಮಾವನ ತುತ್ತು ಅರ್ಧದಲ್ಲೇ ನಿಂತಿತು. "ಹದಿನೇಳು," ಎಂದರು. "ಈ ತಿಂಗಳು ಹದಿನೇಳು. ಐವತ್ತೊಂದು ವರ್ಷ." ಎದ್ದು ಎಂಜಲು ಕೈ ಎತ್ತಿ ಹಿಡಿದು, ಎಡಗೈಯಲ್ಲಿ ಡಬ್ಬದಿಂದ ಆ ಹಾಸ್ಯನಟನ ಕಾರ್ಡನ್ನು ನೋಡದೆ ಎಳೆದರು. ಅದೇ ಕಾರ್ಡು, ಸಿನಿಮಾದ ತಾರೀಖೂ ಅದೇ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ತಲೆ ಕೆಟ್ಟಿದೆ ಅಂತೆ, ತಲೆ" ಎಂದರು.

ಏಳನೇ ಪುಟದ ಹುಡುಗಿ ಬಹಳ ಗೋಗರೆದ ಮೇಲೆ ಮೂರು ಸಾಲು ಕೊಟ್ಟಳು. ಅದೇ ಕೊನೆ ಎಂದಳು. ಮೂರು ಸಾಲಿಗೆ ಐದು ದಿನ ಮನೆಯಲ್ಲಿ ಜಗಳ. ಮೊದಲೆರಡರಲ್ಲಿ ಸಿನಿಮಾ, ಹೆಣ, ಸೀನು. ಮೂರನೆಯದರಲ್ಲಿ ಆತ ಇದ್ದಾರೆ ಎಂಬುದು.

"'ಎಂಬತ್ನಾಲ್ಕರಲ್ಲೂ ಗಟ್ಟಿಮುಟ್ಟಾಗಿದ್ದಾರೆ' ಅಂತ ಹಾಕಿ" ಎಂದರು ಅತ್ತೆ.

"ಮಂಡಿ ನೋವಿದೆಯಂತೆ. ಸುಳ್ಳು ಬರೆಯಲ್ಲ."

"'ಸುಸ್ಥಿತಿಯಲ್ಲಿದ್ದಾರೆ' ಅಂತ ಹಾಕಪ್ಪ" ಎಂದರು ಇವರು.

"ಅವರೇನು ಲಿಫ್ಟೇನೋ?"

ನಾನು, "'ನಮ್ಮೊಂದಿಗಿದ್ದಾರೆ' ಸಾಕಲ್ವಾ" ಎಂದೆ ಮೆಲ್ಲಗೆ. ಮಾವ ನನ್ನ ಕಡೆ ನೋಡಲಿಲ್ಲ, ಆದರೆ ಅದನ್ನೇ ಬರೆದರು.

ಹದಿನೇಳರ ಬೆಳಗ್ಗೆ ಪತ್ರಿಕೆ ಬಂದಾಗ ಐದೂ ತಲೆ ಒಟ್ಟಿಗೆ ಬಾಗಿದವು. ಪಟ್ಟಿಯ ಕೆಳಗೆ ಸಿನಿಮಾ ಇತ್ತು. ಹೆಣವಾಗಿ ಮಲಗಿದ ಹಾಸ್ಯನಟ ಸೀನಿ ಚಿತ್ರಮಂದಿರವನ್ನೇ ನಗಿಸಿದ್ದು ಇತ್ತು. ಅಲ್ಲಿಗೆ ಮುಗಿದಿತ್ತು. ಮೂರನೇ ಸಾಲು ಇರಬೇಕಾದಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು.

"ಇವರ ಮನೆ ಹಾಳಾಗ!" ಎಂದು ನಾನು ಕಿರುಚಿದೆ.


ಇವರು ಪತ್ರಿಕೆಯನ್ನು ಕಿತ್ತುಕೊಂಡು ಮತ್ತೆ ಓದಿದರು, ಓದಿದರೆ ಸಾಲು ಹುಟ್ಟುತ್ತದೆ ಎಂಬಂತೆ. ಮಾವ ಕರಡು ತಿದ್ದುವ ಪೆನ್ಸಿಲ್ ತೆಗೆದು ಆ ಜಾಗದಲ್ಲಿ ಬಿಟ್ಟುಹೋದ ಅಕ್ಷರಕ್ಕೆ ಹಾಕುವ ಗುರುತು ಹಾಕಿದರು, ಅಷ್ಟೆ. ನಮ್ಮ ಮೂವತ್ತೊಂದು ವರ್ಷದ ಅಂಕಣ ಹೀಗೆ ಮುಗಿಯಿತು. ಅಂಕಣ ಹೋಯಿತು, ಡಬ್ಬಗಳು ಉಳಿದವು, ಮೆಣಸಿನ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಏಳಕ್ಕೆ ಫೋನು ಬರಲಿಲ್ಲ. ಏಳೂವರೆಗೂ ಬರಲಿಲ್ಲ. ಯಾರೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಎಂಟಕ್ಕೆ ಹೊಡೆದುಕೊಂಡಿತು. ಮಾವ ಎತ್ತಿದರು. ಒಂದು ನಿಮಿಷ ಕೇಳಿ, ಮಾತಾಡದೆ ಫೋನನ್ನು ನನ್ನ ಕಡೆ ಚಾಚಿದರು.

"ಲೈನ್ ಬಿಡುವಿರಲಿಲ್ಲ ಕಣಮ್ಮ, ಅದಕ್ಕೇ ತಡ," ಎಂದರು ಆತ. "ಮೇಕಪ್‌ನವನು ಮಾಡಿದ, ಹೊಡೆದಾಟದವನು ಮಾಡಿದ, ಡ್ಯಾನ್ಸ್ ಮೇಷ್ಟ್ರು ಅಂತೂ ಅತ್ತೇಬಿಟ್ಟ."

"ಮೂರನೇ ಸಾಲು ಕತ್ತರಿಸಿಬಿಟ್ಟಿದ್ದಾರೆ, ನಾವು ಬರೆದಿದ್ವಿ..."

"ಸೀನಿದ್ದು ಬಂದಿದೆಯಲ್ಲ, ಸಾಕು. ಪೇಪರ್ ನೋಡಿ ಒಬ್ಬನಿಗೆ ಅನುಮಾನ ಬಂತಂತೆ, ಅವನು ಇನ್ನಿಬ್ಬರಿಗೆ ಹೇಳಿದ. ಸತ್ತ ಅಂದಾಗ್ಲೂ ಸೀನಿದ್ದವನಲ್ವಾ, ಒಂದ್ಸಲ ಫೋನ್ ಮಾಡಿ ನೋಡೋಣ ಅಂದ್ರಂತೆ. ಎಣ್ಣೆ ಜಾಹೀರಾತೂ ಹಾಕಿಸಿದ್ದೀರಿ, ನನ್ನ ಮಂಡಿಗೇ ಅಂತ." ನಕ್ಕು, ಸ್ವಲ್ಪ ತಡೆದು ಹೇಳಿದರು. "ಲೈಟ್‌ನವನೂ ತಬಲದವನೂ ಮಾತ್ರ ಮಾಡಿಲ್ಲ. ಅವರದ್ದೂ ನಿನ್ನ ಮಂಡಿಗೆ ಸಿಕ್ಕಿತೋ ಏನೋ, ನಿಮ್ಮ ಮಾವನ ಹತ್ರ ನೋಡ್ಸು."

ಆತ ಹೇಳಿದ ಎರಡು ಹೆಸರನ್ನು ನಾನು ಫೋನಿನ ಬಾಯಿ ಮುಚ್ಚಿ ಮಾವನಿಗೆ ಹೇಳಿದೆ. ಮಾವ ಒಳಗೆ ಹೋಗಿ ಎರಡು ಡಬ್ಬ ಬಿಚ್ಚಿದ ಸದ್ದು ಕೇಳಿಸಿತು. ಎರಡು ಕಾರ್ಡು ಹಿಡಿದು ಬಂದರು. ಎರಡರ ಕಿವಿಯೂ ಮಡಿಸಿತ್ತು. ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮಡಿಕೆಯ ಮೇಲೆ ಸಣ್ಣಗೆ, ಸ್ಪಷ್ಟವಾಗಿ, ಉಗುರಿನ ಗೆರೆ ಇತ್ತು.

"ಇವು ನಾನೇ ಮಡಿಸಿದ್ದು," ಎಂದರು ಮಾವ. ಹನ್ನೆರಡು ದಿನದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. "ಒಬ್ಬ ಚಳಿಗಾಲದಲ್ಲಿ ಹೋದ, ಇನ್ನೊಬ್ಬ ಎರಡು ತಿಂಗಳ ಹಿಂದೆ. ನನಗೆ ಚೆನ್ನಾಗಿ ನೆನಪಿದೆ. ಹೇಳ್ಬಿಡಮ್ಮ, ತಡ ಮಾಡ್ಬೇಡ."

ಕೈ ತೆಗೆದೆ. ಆ ಕಡೆ ಆತ ಕಾಯುತ್ತಿದ್ದರು, ಉಸಿರು ಕೇಳಿಸುತ್ತಿತ್ತು.

"ಎರಡೂ ಮಡಿಸಿದೆ," ಎಂದೆ. "ನನ್ನ ಮಂಡಿ ಅಲ್ಲ. ನಮ್ಮ ಮಾವನ ಉಗುರು."

ಮೆಣಸು ಪುಸ್ತಕ ಎದೆಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಾಗಾದ್ರೆ ಮೂರೇ ಜನ ಅನ್ನು," ಎಂದರು ಆತ ಕೊನೆಗೆ. "ಸರಿ. ನಾಳೆ ಏಳಕ್ಕೆ ಮಾಡ್ತೀನಿ. ಎತ್ತುತ್ತೀಯಲ್ಲ?"

"ಎತ್ತುತ್ತೀನಿ" ಎಂದೆ.